ಭಟ್ಟಿಯ ಮುಂದೆ ಗೆಣಸಿನ ಕಾವಲು

ಗರಿಗರಿಯಾದ ಗೆಣಸನ್ನು ನಾನು ಸುಲಭವಾಗಿ ನಂಬುವವನಲ್ಲ. ಗೆಣಸೆಂದರೆ ಮೆತ್ತಗಿರಬೇಕು, ಕುದಿಸಿದರೆ ಸಿಪ್ಪೆ ತಾನಾಗಿ ಕಳಚಬೇಕು, ಬಿಸಿ ಬೂದಿಯಲ್ಲಿ ಹುಗಿದರೆ ಬೆರಳಿಗೆ ಬೆಲ್ಲದ ಪಾಕದಂತೆ ಅಂಟಬೇಕು. ಆದಕಾರಣ, ಹೈದರಾಬಾದಿನ ವಿದ್ಯಾರ್ಥಿನಿಲಯದಲ್ಲಿ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ, ಗೆಣಸನ್ನು ಬೆರಳುದ್ದಕ್ಕೆ ಸೀಳಿ, ಎಣ್ಣೆ ಸವರಿ, ಕಾದ ಗೂಡಿನೊಳಗಿಟ್ಟರೆ ಕರಿಯದೆಯೇ ಗರಿಗರಿಯಾಗುವುದೆಂದು ಓದಿದಾಗ ನನಗೆ ಮೊದಲು ಪತ್ರಿಕೆಯ ಮೇಲೆ ಸಂಶಯ ಬಂದಿತು. ಅನಂತರ ನನ್ನ ಇಂಗ್ಲಿಷಿನ ಮೇಲೆ. ನಿಘಂಟನ್ನು ತೆರೆದು ನೋಡಿದೆ. ನಿಘಂಟು ಪತ್ರಿಕೆಯ ಪಕ್ಷವನ್ನೇ ವಹಿಸಿತು.

ಸಂಶಯವು ನನಗೆ ಪದವಿಯ ಜೊತೆಯಲ್ಲೇ ಬಂದ ಕಾಯಿಲೆ. ನಮ್ಮ ಮನೆತನದಲ್ಲಿ ಕುರಿ ಎಣಿಸುವುದಕ್ಕಿಂತ ಹೆಚ್ಚಿನ ಗಣಿತವನ್ನು ಕಲಿತವನು ನಾನೊಬ್ಬನೇ. ಮೆಟ್ಟಿಲು ಹತ್ತಿದವನಿಗೆ ಹಿಂದಿನಿಂದ ಯಾರಾದರೂ ಧೋತರ ಜಗ್ಗಿಯಾರೆಂಬ ಭಯ ಇದ್ದೇ ಇರುತ್ತದಷ್ಟೆ.

ಕಾಲವೂ ನನ್ನ ಕಾಯಿಲೆಗೆ ಅನುಕೂಲವಾಗಿಯೇ ಇತ್ತು. ನಮ್ಮ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಶಹಾಪುರದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಹಳಬರು ಹೊಸಬರನ್ನೂ, ಹೊಸಬರು ಹಳಬರನ್ನೂ, ಜವಾನನು ಇಬ್ಬರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದ ದಿನಗಳು. ನನ್ನನ್ನು ಕಾಯಂ ಮಾಡುವುದೋ ಮನೆಗೆ ಕಳುಹಿಸುವುದೋ ಎಂಬುದು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳೊಬ್ಬರ ಕೈಯಲ್ಲಿತ್ತು. ಅಂಥವರು ಶಿವರಾತ್ರಿಯ ಹಿಂದಿನ ದಿನ ನನ್ನ ಮೇಜಿನ ಬಳಿ ನಿಂತು, "ನಾಳೆ ಸಂಜೆ ನಿಮ್ಮ ಮನೆಗೆ ಬರ್ತೀನಿ ಕಣ್ರೀ. ಉಪವಾಸ ಇರ್ತೀನಿ, ಏನಾದ್ರೂ ಫಲಾಹಾರ ಕೊಡಿ. ಕರಿದಿದ್ದು ಮಾತ್ರ ಬೇಡ, ಪಿತ್ತ" ಎಂದರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟುಬಂದ ಮನುಷ್ಯ ಹಬ್ಬದ ದಿನ ಒಂದು ಮನೆಯನ್ನು ಬಯಸಿದ್ದಿರಬಹುದು. ನನಗೆ ಆ ವಿಚಾರ ಹೊಳೆಯಲೇ ಇಲ್ಲ. ಪರೀಕ್ಷಿಸಲೆಂದೇ ಬರುತ್ತಾರೆಂದು ತೀರ್ಮಾನಿಸಿದೆ. ಕುದಿಸಿದ ಗೆಣಸನ್ನಿಟ್ಟರೆ ಕುರುಬರ ಮನೆಯೆಂದಾರು; ಪದವೀಧರನ ಮನೆಯ ಗೆಣಸು ಪದವೀಧರನಂತೆಯೇ ಸೆಟೆದು ನಿಲ್ಲಬೇಕು.

ಇಲ್ಲಿ ಗೆಣಸಿನ ಕುಲಗೋತ್ರದ ಬಗ್ಗೆ ಒಂದು ಮಾತು. ಅದು ನಮ್ಮ ನೆಲದ್ದಲ್ಲ. ಯಾವುದೋ ಕಡಲಾಚೆಯಿಂದ ಹಡಗು ಹತ್ತಿ ಬಂದದ್ದೆಂದು ತಿಳಿದವರು ಹೇಳುತ್ತಾರೆ. ತಲೆಮಾರುಗಳಿಂದ ನಮ್ಮನ್ನು ಸಾಕಿದ ಜೋಳವನ್ನು ಉಪವಾಸದ ದಿನ ಹೊರಗಿಟ್ಟು, ಎಲ್ಲಿಂದಲೋ ಬಂದ ಗೆಣಸನ್ನು ದೇವರ ಮುಂದೆ ಕೂರಿಸುತ್ತೇವೆ. ಕೆಂಪು ಬಸ್ಸಿನಿಂದ ಇಳಿದ ಪ್ರತಿಯೊಬ್ಬನ ಹಿಂದುಮುಂದನ್ನು ವಿಚಾರಿಸುವ ನಮ್ಮೂರಿನವರು ಇದೊಂದನ್ನು ಏನನ್ನೂ ಕೇಳದೆ ಒಳಗೆ ಬಿಟ್ಟುಕೊಂಡದ್ದು ನನಗೆ ಇಂದಿಗೂ ಸೋಜಿಗ.

ಸಗರದ ಸೋದರಮಾವನ ತೋಟದಿಂದ ಗೆಣಸು ಬಂದಿತ್ತು. ಪತ್ರಿಕೆಯ ವಿಧಾನದಲ್ಲಿ ಹಿಟ್ಟು ಉದುರಿಸಬೇಕೆಂದಿತ್ತು. ಉಪವಾಸಕ್ಕೆ ಹಿಟ್ಟು ಸಲ್ಲದೆಂದು ಅದನ್ನು ಬಿಟ್ಟೆ. ಸೀಳಿದ ಗೆಣಸನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಶೇಂಗಾ ಎಣ್ಣೆ ಸವರಿದೆ. ಹಂಚಿನ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹರವಿ ಒಂದು ಹಿಡಿಯನ್ನು ಪ್ರಯೋಗಿಸಿದೆ. ಮೇಲೆ ಸುಟ್ಟಿತು, ಕೆಳಗೆ ಅಂಟಿತು, ನಡುವೆ ಹಸಿಯಾಗಿಯೇ ಉಳಿಯಿತು. ಇನ್ನುಳಿದ ದಾರಿ ಖಾದರ್ ಸಾಹೇಬರ ಭಟ್ಟಿಯೊಂದೇ.

ಆ ಭಟ್ಟಿಯ ಗೂಡಿನಲ್ಲಿ ಪಾವುರೊಟ್ಟಿ ಸುಡುತ್ತಿದ್ದರು. ಅದಲ್ಲದೆ, ಹಬ್ಬಗಳಲ್ಲಿ ಮನೆಮನೆಯವರು ತಮ್ಮದೇ ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಅಲ್ಲಿ ಬಿಸ್ಕತ್ತು ಮಾಡಿಸುವ ರೂಢಿ ಇತ್ತು. ಹಾಗೆ ಒಯ್ದವರು ಸುಮ್ಮನೆ ತಿರುಗಿ ಬರುವುದಿಲ್ಲ. ತಮ್ಮ ತುಪ್ಪ ಮತ್ತೊಬ್ಬರ ಬಿಸ್ಕತ್ತಿಗೆ ಸೇರೀತೆಂದು ಕೊನೆಯ ತನಕ ಕಾವಲು ಕೂರುತ್ತಾರೆ. ಇದರಿಂದ ಭಟ್ಟಿಯವರಿಗೂ ಬೇಸರವಿಲ್ಲ. ಕಾಯದೆ ಹೋದವನನ್ನೇ ಅವರು ಸಂಶಯಿಸುತ್ತಾರೆ.

ಅವ್ವ ಒಪ್ಪಿದಳು, ಆದರೆ ಷರತ್ತಿನ ಮೇಲೆ. "ತಗಡು ನಮ್ಮನಿದ ಒಯ್ಯಿ. ಅಲ್ಲಿ ತತ್ತಿ ಹಾಕಿದ್ದೂ ಸುಡ್ತಾರ. ಅದರ ಬಾಜೂಕ ಇಡಗೊಡಬ್ಯಾಡ. ಕಣ್ಣ ತಗೀಲಾರ್ದ ಅಲ್ಲೇ ಕುಂದರು."

ಮಧ್ಯಾಹ್ನ ಇಳಿದ ಮೇಲೆ ಹೋದೆ. ಖಾದರ್ ಸಾಹೇಬರು ನನ್ನ ಕೋಟನ್ನೂ ಗೆಣಸನ್ನೂ ಬಾರಿಬಾರಿಗೂ ನೋಡಿದರು.

"ಕಚೇರಿಯವ್ರು ಗೆಣಸ ಹೊತಗೊಂಡು ಭಟ್ಟಿಗಿ ಬಂದದ್ದು ನಾ ಎಲ್ಲೂ ನೋಡಿಲ್ರಿ, ಬಾಬೂಜಿ. ಖರೇ ಹೇಳ್ರಿ, ಏನ್ ತಲಾಶ ಮಾಡಾಕ ಬಂದೀರಿ? ಮೈದಾನೋ, ಕಟಗೀನೋ?"

"ನಾನು ಕೇವಲ ಗೆಣಸಿನ ನಿಮಿತ್ತ ಬಂದಿದ್ದೇನೆ" ಎಂದೆ.

"ನೋಡ್ರಿ, ಮಾತೂ ನೋಟೀಸ್ ಇದ್ದಂಗೈತಿ!"

ತಗಡು ಒಳಗೆ ಹೋಯಿತು. ನಾನು ಅರ್ಧ ಗೆಣಸನ್ನು ಮಾತ್ರ ಕೊಟ್ಟು, ಉಳಿದರ್ಧವನ್ನು ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದೆ. ಅದು ಅವರ ಗುಮಾನಿಯನ್ನು ಇನ್ನಷ್ಟು ಬಲಪಡಿಸಿತು. ಅವರು ಸ್ಟೂಲೊಂದನ್ನು ಎಳೆದುಕೊಂಡು ನನ್ನೆದುರಿಗೇ ಕುಳಿತರು. ಅವರು ಮೊಟ್ಟೆ ಹಾಕಿದ ಬಿಸ್ಕತ್ತಿನ ತಗಡನ್ನು ನಮ್ಮದರ ಪಕ್ಕಕ್ಕೆ ಸರಿಸಿಯಾರೆಂದು ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ನಾನು ಮೈದಾ ಚೀಲಗಳನ್ನು ಎಣಿಸಿಯೇನೆಂದು ಅವರು ನನ್ನ ಕಣ್ಣುಗಳನ್ನೇ ನೋಡುತ್ತಿದ್ದರು. ಇಬ್ಬರು ಕಾವಲುಗಾರರೂ ಇಷ್ಟೊಂದು ನಿಷ್ಠೆಯಿಂದ ಕಾವಲು ಕಾದದ್ದರಿಂದ ಗೆಣಸನ್ನು ನೋಡುವವರು ಯಾರೂ ಉಳಿಯಲಿಲ್ಲ. ಹೊಗೆ ಮೂಗಿಗೆ ತಾಗಿದಾಗ ಇಬ್ಬರೂ ಒಮ್ಮೆಗೇ ಎದ್ದೆವು. ತಗಡಿನ ಮೇಲಿದ್ದದ್ದು ಶುದ್ಧ ಇದ್ದಿಲು.

"ನೀವು ಕಾಯಾಕ ಕುಂತಿದ್ರಲ್ರಿ!" ಎಂದರು ಅವರು.

"ತಾವೂ ಕುಳಿತಿದ್ದಿರಲ್ಲ" ಎಂದೆ.

"ನಾ ನಿಮ್ಮನ್ನ ಕಾಯಾಕತ್ತಿದ್ನಿ!" ಎಂದು ಹೇಳಿದ ಮೇಲೆ ಅವರಿಗೇ ನಗೆ ತಡೆಯಲಾಗಲಿಲ್ಲ. ನಗುವುದು ಸರಿಯೋ ತಪ್ಪೋ ಎಂದು ಯೋಚಿಸುತ್ತಲೇ ನಾನೂ ನಕ್ಕೆ.

ಮಡಿಲ ಗಂಟನ್ನು ಬಿಚ್ಚಿದೆ. ಈ ಸಲ ಒಂದಕ್ಕೊಂದು ತಾಗದಂತೆ ಹರವಿದೆ. ಅವರು ತಗಡನ್ನು ಬೆಂಕಿಯಿಂದ ದೂರದ ಮೂಲೆಗೆ ತಳ್ಳಿದರು. ನಡುವೆ ಒಮ್ಮೆ ಹೊರಗೆಳೆದು ನಾನು ಮಗುಚಿಹಾಕಿದೆ. ಇಬ್ಬರೂ ಗೆಣಸನ್ನೇ ನೋಡಿದೆವು. ಪೂಜೆಗೆ ಮುಂಚೆ ನಾನು ರುಚಿ ನೋಡುವಂತಿಲ್ಲ, ಅವರು ನೋಡಿದರೆ ಎಂಜಲು. ಕೊನೆಗೆ ಅವರೊಂದು ತುಂಡನ್ನು ನನ್ನ ಕಿವಿಯ ಬಳಿ ಹಿಡಿದು ಮುರಿದರು. ಒಣಕಡ್ಡಿ ಮುರಿದಂತಹ ಸದ್ದು! ಸೈಂಧವ ಲವಣ ಉದುರಿಸಿ, ಬಿಸಿ ಆರುವ ಮುನ್ನ ಮನೆ ಮುಟ್ಟಿದೆ.

ಅಧಿಕಾರಿಗಳು ಆಗಲೇ ಬಂದು ಕುಳಿತಿದ್ದರು. ದೇವರಿಗೆ ತೋರಿಸಿ ತಟ್ಟೆಯನ್ನು ಅವರ ಮುಂದಿಟ್ಟೆ. ಒಂದನ್ನೆತ್ತಿ ಬೆಳಕಿಗೆ ಹಿಡಿದರು.

"ಇದೇನ್ರೀ ಇದು? ಕರಿದಿದ್ದಾ?"

"ಅಲ್ಲ ಸ್ವಾಮಿ, ಕಾವಿನಲ್ಲಿ ಸುಟ್ಟದ್ದು."

"ಮನೇಲಿ ಹೀಗೆ ಹೇಗಾಗತ್ತೆ? ಎಲ್ಲಿ ಮಾಡಿಸಿದ್ರಿ?"

ಭಟ್ಟಿಯ ಹೆಸರನ್ನು ಹೇಳಿದರೆ, ವ್ರತಸ್ಥರಾದ ಅವರು ಎದ್ದುಹೋದರೆ, ನನ್ನ ನೌಕರಿಯೂ ಅವರ ಹಿಂದೆಯೇ ಎದ್ದುಹೋಗುತ್ತದೆ. ಹೇಳದಿದ್ದರೆ ಉಪವಾಸದ ಮನುಷ್ಯನಿಗೆ ಸುಳ್ಳನ್ನು ಉಣಿಸಿದಂತಾಗುತ್ತದೆ. ಎರಡಕ್ಕೂ ನಡುವಿನ ಗೌರವಯುತವಾದ ವಾಕ್ಯವೊಂದನ್ನು ಕಟ್ಟುತ್ತಿರುವಾಗಲೇ ಬಾಗಿಲ ಮರೆಯಿಂದ ಅವ್ವ ಹೇಳಿಬಿಟ್ಟಳು:

"ಖಾದರ್ ಸಾಬ್ರ ಭಟ್ಟಿನಾಗ್ರಿ. ತಗಡು ನಮ್ದು, ಬೆಂಕಿ ಅವ್ರದು."

ಅಧಿಕಾರಿಗಳ ಕೈ ಅಲ್ಲೇ ನಿಂತಿತು. "ನೀವು ತಿಂದ್ರಾ, ಅಮ್ಮ?"

ಅವ್ವ ಇಡೀ ದಿನ ಆ ಗೆಣಸನ್ನು ಸಂಶಯಿಸಿದವಳು. ಸೆರಗು ಸರಿಮಾಡಿಕೊಂಡು ಬಂದು, ತಟ್ಟೆಯಿಂದ ಒಂದನ್ನೆತ್ತಿ, ಗಟ್ಟಿಯಾಗಿ ಉಳಿದಿದ್ದ ಹಲ್ಲಿನ ಬದಿಗೆ ಸರಿಸಿ ಕಡಿದಳು. "ಕಟುಂ ಅಂತೈತ್ರಿ. ತಿನ್ರಿ, ಆರಿದ್ರ ಮೆತ್ತಗಾಗ್ತೈತಿ."

ಅವರು ತಿಂದರು. ಮತ್ತೊಂದನ್ನು ತೆಗೆದುಕೊಂಡರು. ತಟ್ಟೆ ಬರಿದಾಗುವ ತನಕ ಕಚೇರಿಯ ಮಾತೇ ಬರಲಿಲ್ಲ. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ ಹೇಳಿದರು: "ಈ ಊರಿಗೆ ಬಂದ ಮೇಲೆ ಕೇಳಿದ್ದಕ್ಕೆ ನೇರವಾದ ಉತ್ತರ ಸಿಕ್ಕಿದ್ದು ಇದೇ ಮೊದಲು ಕಣ್ರೀ. ನಾಳೆ ಬನ್ನಿ, ನಿಮ್ಮನ್ನ ಕಾಯಂ ಮಾಡೋ ಕೆಲಸ ಮುಗಿಸೋಣ."

ಉತ್ತರ ಕೊಟ್ಟವಳು ಅವ್ವ, ಕಾಯಂ ಆಗುವವನು ನಾನು. ಇದರಲ್ಲಿ ಏನೋ ಇದೆ ಎನಿಸಿತು. "ಇದಕ್ಕೆ ಕಾರಣವೇನೆಂದು ತಿಳಿಯಬಹುದೇ..." ಎಂದು ಆರಂಭಿಸಿದೆ.

ಅವ್ವ ಹಿಂದಿನಿಂದ ತಿವಿದಳು. "ಕೊಡ್ತೀನಿ ಅಂದವ್ರಿಗಿ ಯಾಕ್ ಕೊಡ್ತೀರಿ ಅಂತ ಕೇಳ್ತಾರೇನೋ, ಖೋಡಿ? ಹೂಂ ಅನ್ನು!"

ಹೂಂ ಅಂದೆ, 'ಸ್ವಾಮಿ' ಎಂದು ಸೇರಿಸುವುದನ್ನೂ ಮರೆತು.