ಲೆಕ್ಕದಲ್ಲಷ್ಟೇ ಬದುಕಿದ್ದ ಆಮೆ

ಬಂದರಿನ ಸುಂಕದ ಉಗ್ರಾಣದಲ್ಲಿ ಅವಳನ್ನು ಎಲ್ಲರೂ ಆಮೆಯಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು. ಸೇರಿದ ಹೊಸತರಲ್ಲಿ ಅವಳ ಕೆಲಸ ಜಪ್ತಿಯಾದ ಸಾಮಾನಿನ ಧೂಳು ಹೊಡೆಯುವುದು, ಚೀಟಿ ಅಂಟಿಸುವುದು, ಬೀಗದ ಕೈ ಕಾಯುವುದು, ಇಷ್ಟೇ. ಸಿಗರೇಟಿನ ಡಬ್ಬಿ, ಕೈಗಡಿಯಾರ, ಬಟ್ಟೆಯ ಗಂಟು, ಯಾವುದೂ ಹಸಿವು ಅನ್ನುತ್ತಿರಲಿಲ್ಲ, ಯಾವುದೂ ಸಾಯುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಕುರ್ಚಿಯಲ್ಲೇ ತೂಕಡಿಸುವ ಸುಖವೂ ಇತ್ತು.

ಒಂಬತ್ತು ವರ್ಷದ ಹಿಂದೆ ಒಂದು ಸೂಟ್‌ಕೇಸು ಬಂತು. ಅದರ ತುಂಬ ಕಾಲುಚೀಲಗಳು. ಒಂದೊಂದು ಕಾಲುಚೀಲದಲ್ಲೂ ಅಂಗೈ ಅಗಲದ ಒಂದೊಂದು ಆಮೆ, ಅಲುಗಾಡದಂತೆ ಟೇಪು ಸುತ್ತಿದ್ದು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು. ಒಟ್ಟು ನಲವತ್ತೊಂದು. ತಂದವನನ್ನು ಪೊಲೀಸರು ಕರೆದುಕೊಂಡು ಹೋದರು, ತಂದದ್ದನ್ನು ಸೂಪರಿಂಟೆಂಡೆಂಟರು ಇವಳ ಮುಂದಿಟ್ಟರು. ಎರಡು ದಿನ ನೋಡಿಕೋ ಅಂದರು. ಆ ಎರಡು ದಿನ ಒಂಬತ್ತು ವರ್ಷವಾಯಿತು.

ಯಾಕೆಂದರೆ ಆಮೆಗಳು ಮುದ್ದೆಮಾಲು. ಮೊಕದ್ದಮೆ ಮುಗಿಯುವ ತನಕ ನ್ಯಾಯಾಲಯದ ಸೊತ್ತು. ಮಾರುವಂತಿಲ್ಲ, ಬಿಡುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಮೂರನೆಯ ದಿನ ಒಬ್ಬ ಡಾಕ್ಟರಮ್ಮ ಬಂದಳು. ಹತ್ತಾರು ದೇಶಗಳಲ್ಲಿ ಅಳಿವಿನಂಚಿನ ಪ್ರಾಣಿಗಳನ್ನು ಕಾಯುವ ದೊಡ್ಡ ಸಂಸ್ಥೆಯೊಂದರ ಇಲ್ಲಿನ ಕಚೇರಿಯವಳು, ಪ್ರಾಣಿವೈದ್ಯೆ. ಈ ಜಾತಿ ಇರುವುದು ಸಮುದ್ರದಾಚೆಯ ಒಂದೇ ಒಂದು ದ್ವೀಪದಲ್ಲಿ, ಕಾಡಿನಲ್ಲಿ ಉಳಿದಿರುವುದು ಕೆಲವೇ ನೂರು ಎಂದು ಅವಳೇ ಹೇಳಿದ್ದು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆಮೆಯಕ್ಕನ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ.

ಮೊದಲ ತಿಂಗಳಲ್ಲೇ ಒಂಬತ್ತು ಸತ್ತವು. ದಾರಿಯ ಸುಸ್ತು, ನೀರಿಲ್ಲದ್ದು, ಟೇಪು. ಉಳಿದವುಗಳಿಗೆ ಡಾಕ್ಟರಮ್ಮ ಚಿಪ್ಪಿನ ಅಂಚಿನಲ್ಲಿ ಅರದಿಂದ ಸಣ್ಣ ಸಣ್ಣ ಗೀರು ಹಾಕಿ ನಂಬರು ಕೊಟ್ಟಳು. ಯಾವ ಸೊಪ್ಪು ಹಾಕಬೇಕು, ಯಾವುದು ಹಾಕಲೇಬಾರದು, ದೀಪದ ಶಾಖ ಎಷ್ಟಿರಬೇಕು, ಎಷ್ಟು ದಿನಕ್ಕೊಮ್ಮೆ ತೂಗಬೇಕು, ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಿದಳು. ಉಗ್ರಾಣದ ಕೊನೆಯ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಅಲ್ಲಿದ್ದ ಹಳೆಯ ಟೈಪ್‌ರೈಟರುಗಳನ್ನು ಹೊರಗೆ ಸಾಗಿಸಿ ಮರಳು ಸುರಿದರು. ಅಂದಿನಿಂದ ಆಮೆಯಕ್ಕನ ತೂಕಡಿಕೆ ಹೋಯಿತು, ಭಾನುವಾರ ಹೋಯಿತು, ತಂಗಿಯ ಮಗಳ ಮದುವೆಯ ಎರಡು ದಿನವೂ ಹೋಯಿತು. ಆಮೆಗೆ ರಜವಿಲ್ಲ, ಬದಲಿಗೆ ಬರುವವರು ಯಾರೂ ಇಲ್ಲ.

ಮೊಕದ್ದಮೆ ಕಾಲೆಳೆಯುತ್ತ ಸಾಗಿತು. ವರ್ಷಕ್ಕೊಮ್ಮೆ ಮುದ್ದೆಮಾಲನ್ನು ಹಾಜರುಪಡಿಸಿ ಎಂದು ಆಜ್ಞೆ ಬರುತ್ತಿತ್ತು. ಇವಳು ಪೆಟ್ಟಿಗೆ ಹೊತ್ತು ಹೋಗಬೇಕು. ಒಮ್ಮೆ ನ್ಯಾಯಾಧೀಶರು ಒಂದನ್ನು ಎತ್ತಿ ತೋರಿಸು ಅಂದರು. ಎತ್ತಿದ ಕೂಡಲೇ ಅದು ಮೇಜಿನ ಮೇಲಿದ್ದ ಕಡತಕ್ಕೆ ಧಾರಾಳವಾಗಿ ಉಚ್ಚೆ ಹೊಯ್ಯಿತು. ಗುಮಾಸ್ತ ಕಡತವನ್ನು ಕಿಟಕಿಯಲ್ಲಿ ಒಣಗಲು ಹಾಕಿದ, ಮೊಕದ್ದಮೆ ಮತ್ತೆ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಇಡೀ ನ್ಯಾಯಾಲಯದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದು ಅದೊಂದೇ ಎಂದು ಅವಳು ಮನೆಯಲ್ಲಿ ಹೇಳಿದಾಗ ಗಂಡ ಕೆಮ್ಮು ಬರುವಷ್ಟು ನಕ್ಕಿದ್ದ.

ಗಂಡ ಲೇತ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಿಂತು ದುಡಿದವನು. ಬೆನ್ನುಮೂಳೆ ಕೈಕೊಟ್ಟು ಮನೆಯಲ್ಲಿದ್ದ. ಎರಡು ಕೋಣೆಯ ಬಾಡಿಗೆ ಮನೆ, ಮೂರನೆಯ ಮಹಡಿ. ಇಳಿದರೆ ಹತ್ತುವುದು ಕಷ್ಟವೆಂದು ಅವನು ಇಳಿಯುವುದನ್ನೇ ಬಿಟ್ಟಿದ್ದ.

ಆ ಮೊದಲ ತಿಂಗಳಾದ ಮೇಲಿನ ವರ್ಷಗಳಲ್ಲಿ ಇನ್ನೂ ಐದು ಆಮೆ ಸತ್ತವು. ಒಂದೊಂದು ಸಾವಿಗೂ ಒಂದಿಡೀ ದಿನದ ಕೆಲಸ. ಸಾಹೇಬರಿಗೆ ತಿಳಿಸಬೇಕು, ಡಾಕ್ಟರಮ್ಮನನ್ನು ಕರೆಸಬೇಕು, ಇಬ್ಬರು ಸಾಕ್ಷಿಗಳನ್ನು ಹುಡುಕಿ ಮಹಜರು ಬರೆಸಬೇಕು, ನಾಲ್ಕು ಪ್ರತಿ, ಆರು ಫೋಟೋ, ಕೊನೆಗೆ ನ್ಯಾಯಾಲಯಕ್ಕೊಂದು ಪತ್ರ. ಮನುಷ್ಯರು ಸತ್ತರೂ ಇಷ್ಟು ಕೇಳುವುದಿಲ್ಲ ಎಂದು ಕಾವಲುಗಾರ ಗೊಣಗುತ್ತಿದ್ದ. ಹಾಗೆ ಲೆಕ್ಕ ಇಪ್ಪತ್ತೇಳಕ್ಕೆ ಬಂದು ನಿಂತಿತ್ತು.

ಅಲ್ಲೇ ಅವಳು ಎಡವಿದ್ದು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಗಂಡನ ಬೆನ್ನಿನ ಆಪರೇಷನ್ ಆಯಿತು. ಹದಿನೇಳು ದಿನ ಅವಳು ಆಸ್ಪತ್ರೆ, ಉಗ್ರಾಣ, ಮನೆ ಎಂದು ಸುತ್ತಿದಳು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತಳು. ಹದಿನೆಂಟನೆಯ ದಿನ ಬೆಳಗ್ಗೆ ಕೋಣೆಯ ಬಾಗಿಲು ತೆಗೆದರೆ ನೀರಿನ ತಟ್ಟೆಯ ಪಕ್ಕ ಒಂದು ಆಮೆ ಕತ್ತು ಚಾಚಿ ಬಿದ್ದಿತ್ತು. ಮುಟ್ಟಿದಳು, ತಣ್ಣಗಿತ್ತು. ಹನ್ನೊಂದು ಗಂಟೆಗೆ ದೊಡ್ಡ ಡಾಕ್ಟರು ಬರುತ್ತಾರೆ, ಹೆಂಡತಿ ಇರಲೇಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಒಂಬತ್ತಾಗಿತ್ತು. ಮಹಜರಿಗೆ ಕೂತರೆ ಸಂಜೆಯಾಗುತ್ತದೆ. ಅವಳು ಆಮೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿದಳು, ಹಿತ್ತಲಿನ ನಲ್ಲಿಯ ಹತ್ತಿರ ಮೆತ್ತಗಿದ್ದ ಮಣ್ಣಿನಲ್ಲಿ ಹೂತಳು, ಕೈ ತೊಳೆದಳು, ಬಸ್ಸು ಹಿಡಿದಳು. ನಾಳೆ ಹೇಳಿದರಾಯಿತು ಅಂದುಕೊಂಡಳು.

ನಾಳೆ ಹೇಳಲಿಲ್ಲ. ವಾರ ಕಳೆದ ಮೇಲೆ ಹೇಳಲು ನಾಲಿಗೆ ಏಳಲಿಲ್ಲ. ತಿಂಗಳ ಕೊನೆಗೆ ವರದಿಯಲ್ಲಿ ಇಪ್ಪತ್ತೇಳು ಎಂದು ಬರೆದು ಸಹಿ ಹಾಕಿದಳು. ಆಮೇಲೆ ಪ್ರತಿ ತಿಂಗಳೂ ಹಾಕಿದಳು. ಕೋಣೆಯೊಳಗೆ ಬಂದು ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಡಾಕ್ಟರಮ್ಮನನ್ನೂ ಆ ಹೊತ್ತಿಗೆ ಸಂಸ್ಥೆಯವರು ಬೇರೆ ಬೇರೆ ಊರಿಗೆ ಓಡಾಡಿಸುತ್ತಿದ್ದರು. ಬಂದಾಗ ಅರ್ಧ ಗಂಟೆ ಇದ್ದು, ಕಾಯಿಲೆಯವನ್ನಷ್ಟೇ ನೋಡಿ ಹೋಗುತ್ತಿದ್ದಳು. ಮೊದಲ ದಿನದ ಆ ಕಣ್ಣೀರು ಅವಳಲ್ಲೂ ಯಾವತ್ತೋ ಬತ್ತಿತ್ತು. ಈಗ ಅವಳ ಬಳಿ ಇದ್ದದ್ದು ಎರಡು ಫೋನು ಮತ್ತು ನಿಲ್ಲದ ತಲೆನೋವು.

ಒಂಬತ್ತನೆಯ ವರ್ಷ ಮೊಕದ್ದಮೆ ಮುಗಿಯಿತು. ತಂದವನು ಜಾಮೀನಿನ ಮೇಲೆ ಹೊರಬಂದು ಎಂದೋ ತಲೆಮರೆಸಿಕೊಂಡಿದ್ದ. ಆಮೆಗಳನ್ನು ಅವುಗಳ ದ್ವೀಪಕ್ಕೆ ಕಳಿಸಿ ಎಂದು ತೀರ್ಪಾಯಿತು. ಸಂಸ್ಥೆ ಎರಡೂ ದೇಶಗಳ ಬಾಗಿಲು ಬಡಿದು ಪರವಾನಗಿ ತಂದಿತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಜೀವಂತ ಆಮೆಗಳು, ಇಪ್ಪತ್ತೇಳು. ವಿಮಾನಕ್ಕೆ ಹತ್ತು ದಿನವಿರುವಾಗ ಡಾಕ್ಟರಮ್ಮ ಬಡಗಿಯಿಂದ ಮಾಡಿಸಿದ ಮರದ ಪೆಟ್ಟಿಗೆಗಳನ್ನು ತಂದಳು. ಆಮೆಗೊಂದರಂತೆ ಇಪ್ಪತ್ತೇಳು ಗೂಡು. ಹೊಸ ಮರದ ವಾಸನೆ ಕೋಣೆ ತುಂಬ.

ಆಮೆಯಕ್ಕ ಆ ಗೂಡುಗಳನ್ನು ಒಂದೊಂದಾಗಿ ಎಣಿಸಿದಳು. ಸುಮ್ಮನಿದ್ದು, ಕಳಿಸುವ ಹಿಂದಿನ ದಿನ ಒಂದು ಸತ್ತಿತು ಅನ್ನಬಹುದಿತ್ತು. ಹೆಣ ಎಲ್ಲಿ ಎಂದು ಕೇಳುತ್ತಾರೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಹೊಂದಿಸಿಕೊಂಡು ನಡೆಯುವ ಕಸುವು ಅವಳಲ್ಲಿ ಉಳಿದಿರಲಿಲ್ಲ.

"ಡಾಕ್ಟರಮ್ಮ, ಇರೋದು ಇಪ್ಪತ್ತಾರೇ," ಅಂದಳು. "ಒಂದು ಸತ್ತು ಎರಡು ವರ್ಷ ಆಯ್ತು. ನಾನೇ ಹೂತುಬಿಟ್ಟೆ. ಯಾರಿಗೂ ಹೇಳಿಲ್ಲ."

ಡಾಕ್ಟರಮ್ಮ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡು, ಎಲ್ಲಿ ಹೂತದ್ದು ಎಂದು ಮಾತ್ರ ಕೇಳಿದಳು.

ಸೂಪರಿಂಟೆಂಡೆಂಟರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇಬ್ಬರೂ ಹೋಗಿ ವಿಷಯ ತಿಳಿಸಿದಾಗ ಅವರು ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹೊರಗಡೆ ಈ ಆಮೆಗೆ ದುಡ್ಡು ಹಿಡ್ಕೊಂಡು ಎಂಥೆಂಥವರು ಕಾದಿದ್ದಾರೆ ಗೊತ್ತಲ್ಲಮ್ಮ ನಿಂಗೆ," ಅಂದರು. "ಯಾರಿಗೆ ಕೊಟ್ಟೆ?"

ಒಂಬತ್ತು ವರ್ಷ ತಾನು ಸೊಪ್ಪು ಹೆಚ್ಚಿದ ಕೈಯನ್ನು ಅವಳು ಒಮ್ಮೆ ನೋಡಿಕೊಂಡಳು. ಕೋಪ ಬರಬೇಕಿತ್ತು, ಬರಲಿಲ್ಲ. ಅಗೆಸಿ ನೋಡಿ ಸಾರ್ ಅಂದಳು.

ಅಗೆಯುವುದೇನು ಸುಲಭವಿರಲಿಲ್ಲ. ಕೆಸರಾಗುತ್ತದೆಂದು ಹಿಂದಿನ ವರ್ಷ ನಲ್ಲಿಯ ಸುತ್ತ ಸಿಮೆಂಟು ಹಾಕಿಸಿದ್ದರು. ಮರುದಿನ ಇಬ್ಬರು ಕೂಲಿಯವರು ಹಾರೆ ಹಿಡಿದು ಬಂದರು. ಇಡೀ ಉಗ್ರಾಣ ಕೆಲಸ ಬಿಟ್ಟು ಹಿತ್ತಲಿನಲ್ಲಿ ನೆರೆಯಿತು. ಮೊದಲ ಗುಂಡಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಕೊಳವೆಯ ತುಂಡು ಸಿಕ್ಕಿತು. ಗುಸುಗುಸು ಶುರುವಾಯಿತು. ಆಮೆಯಕ್ಕ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ನಾಯಿ ಎಳೆದುಕೊಂಡು ಹೋಗಿದ್ದರೆ? ತಾನು ಹೂತ ಜಾಗವೇ ಇದಲ್ಲದಿದ್ದರೆ? ಆ ಬೆಳಗಿನಲ್ಲಿ ಅವಳಿಗೆ ನೆನಪಿದ್ದದ್ದು ಕೈಗೆ ತಾಕಿದ ನೀರಿನ ಚಳಿ ಮಾತ್ರ. ನಲ್ಲಿಗೆ ಬೆನ್ನು ಮಾಡಿ, ಅಂದು ಹೇಗೆ ಕುಕ್ಕರಗಾಲಿನಲ್ಲಿ ಕೂತಿದ್ದಳೋ ಹಾಗೆಯೇ ಕೂತು ಬಲಗೈ ಚಾಚಿದಳು. ಇಲ್ಲಿ ಅಗೀರಿ ಅಂದಳು.

ಮೂರನೆಯ ಗುಂಡಿಯಲ್ಲಿ ಚಿಪ್ಪು ಸಿಕ್ಕಿತು. ಡಾಕ್ಟರಮ್ಮ ಅದನ್ನು ನಲ್ಲಿಯ ಕೆಳಗೆ ಹಿಡಿದು ಹೆಬ್ಬೆರಳಿನಿಂದ ಉಜ್ಜಿದಳು. ಅಂಚಿನ ಗೀರುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು: "ಇದು ನಮ್ಮದೇ. ನಾನೇ ಹಾಕಿದ ಗುರುತು."

ಅಲ್ಲಿಗೆ ಕಳ್ಳಿ ಎಂಬ ಮಾತು ಅಳಿಯಿತು. ಆದರೆ ತಪ್ಪಂತೂ ಉಳಿಯಿತು. ಸುಳ್ಳು ವರದಿಗೆ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ಪರವಾನಗಿಯಲ್ಲಿ ಇಪ್ಪತ್ತೇಳನ್ನು ಇಪ್ಪತ್ತಾರು ಮಾಡಲು ಎರಡು ದೇಶಗಳ ಐದು ಕಚೇರಿಗಳು ಹನ್ನೊಂದು ವಾರ ತೆಗೆದುಕೊಂಡವು. ಆಮೆಗಳಿಲ್ಲದೆ ವಿಮಾನ ಹೋಯಿತು, ಗೂಡುಗಳು ಗೋಡೆಗೆ ಒರಗಿದವು.

ಚಿಪ್ಪು ಸಿಕ್ಕ ದಿನ ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನನ್ನ ಬೆನ್ನು ನೋಡೋಕೆ ಬಂದು ನೀನು ಕಳ್ಳಿ ಅನ್ನಿಸಿಕೊಂಡೆ. ಎರಡು ವರ್ಷ ಒಂದು ಮಾತು ಹೇಳಲಿಲ್ವಲ್ಲ?"

"ಹೇಳಿದ್ರೆ ನೀವೂ ನನ್ ಜೊತೆ ಎದ್ದಿರ್ತಿದ್ರಿ ಅಷ್ಟೆ," ಅಂದಳು. "ಒಬ್ಬರಾದ್ರೂ ಮಲಗಲಿ ಅಂತ."

ಆ ಹನ್ನೊಂದು ವಾರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮತ್ತೊಂದು ಸತ್ತರೆ ಮತ್ತೆ ಐದು ಕಚೇರಿ. ಐದನೆಯ ವಾರ ಚಳಿ ಏಕಾಏಕಿ ಇಳಿಯಿತು, ಶಾಖದ ದೀಪಗಳಲ್ಲಿ ಎರಡು ಕೆಟ್ಟವು. ಬೇಡಿಕೆ ಪತ್ರ ಬರೆದರೆ ಮೂರು ವಾರ ಎಂದು ಉತ್ತರ ಬಂತು. ಅದನ್ನು ಮನೆಯಲ್ಲಿ ಸುಮ್ಮನೆ ಮಾತಿಗೆ ಅಂದಿದ್ದಳು. ಮರುದಿನ ಮಧ್ಯಾಹ್ನ ಕಾವಲುಗಾರ ಬಂದು, ಗೇಟಿನಲ್ಲಿ ನಿಮ್ಮ ಯಜಮಾನರು ನಿಂತಿದ್ದಾರೆ ಅಂದ. ಅವಳು ನಂಬದೆ ಓಡಿದಳು. ಊರುಗೋಲು ಹಿಡಿದು, ಹೆಗಲಿಗೆ ಕಾರ್ಖಾನೆಯ ಕಾಲದ ಸಾಮಾನಿನ ಚೀಲ ಹಾಕಿಕೊಂಡು, ಮೂರು ಮಹಡಿ ಇಳಿದು ಎರಡು ಬಸ್ಸು ಬದಲಿಸಿ ಅವನು ಬಂದಿದ್ದ. ಬಗ್ಗಲಾಗದೆ ಮರಳಿನ ಮೇಲೆಯೇ ಅಂಗಾತ ಮಲಗಿ ದೀಪದ ತಂತಿಗಳನ್ನು ಬಿಚ್ಚಿದ. ಮಲಗಿದವನ ಹೊಟ್ಟೆಯ ಮೇಲೆ ಒಂದು ಆಮೆ ಹತ್ತಲು ನೋಡಿ ಜಾರಿತು, ಮತ್ತೆ ಹತ್ತಿತು.

"ಇವುಗಳ ಕೈಲೇನಾ ನೀನು ಒಂಬತ್ತು ವರ್ಷ ಸಿಕ್ಕಿಹಾಕಿಕೊಂಡಿದ್ದು?" ಅಂದ.

ಇನ್ನೇನು ಮಾಡೋದು, ಅವಕ್ಕೂ ನನ್ನ ಬಿಟ್ಟರೆ ಯಾರೂ ಇರಲಿಲ್ಲ ಅಂದಳು. ದೀಪ ಹತ್ತಿತು. ಅವನನ್ನು ಎಬ್ಬಿಸಲು ಇವಳೂ ಕಾವಲುಗಾರನೂ ಸೇರಿ ಹೆಣಗಬೇಕಾಯಿತು. ಮಹಡಿ ಹತ್ತುವಾಗ ಅವನು ಪ್ರತಿ ತಿರುವಿನಲ್ಲೂ ಕೂತ. ಆಮೇಲೆ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಹನ್ನೆರಡನೆಯ ವಾರ ಇಪ್ಪತ್ತಾರೂ ಹೋದವು. ಹೋಗುವ ದಿನ ಸಂಸ್ಥೆಯ ದೊಡ್ಡವರು ಬಂದರು, ಫೋಟೋ ತೆಗೆದರು, ಇದು ಅನೇಕ ದೇಶಗಳ ಸಹಕಾರದ ಗೆಲುವು ಅಂದರು. ಆಮೆಯಕ್ಕ ಅಷ್ಟರಲ್ಲಿ ಒಂದೊಂದನ್ನೂ ತೂಗಿ, ಗೀರು ನೋಡಿ, ಗೂಡಿಗೆ ಇಳಿಸಿ, ಮುಚ್ಚಳದ ತಿರುಪುಮೊಳೆಗಳನ್ನು ಬಿಗಿಯುತ್ತಿದ್ದಳು. ಅಳು ಬರಬಹುದು ಎಂದು ಕರವಸ್ತ್ರ ಇಟ್ಟುಕೊಂಡಿದ್ದಳು. ಲಾರಿ ಗೇಟು ದಾಟಿದ ಮೇಲೆ ಅದರಿಂದ ಕತ್ತಿನ ಬೆವರು ಒರೆಸಿಕೊಂಡಳು. ಭಾನುವಾರ ಹತ್ತು ಗಂಟೆಯ ತನಕ ಮಲಗಿದಳು. ಎದ್ದ ಮೇಲೂ ದಣಿವು ಇಳಿದಿರಲಿಲ್ಲ.

ಇಪ್ಪತ್ತು ದಿನದ ಮೇಲೆ ಡಾಕ್ಟರಮ್ಮ ಫೋನು ಹಿಡಿದುಕೊಂಡು ಬಂದಳು. ಆ ದ್ವೀಪದಲ್ಲಿ ಆಮೆಗಳನ್ನು ಕಾಡಿಗೆ ಬಿಡುವ ಮುಂಚೆ ಎರಡು ವರ್ಷ ಬೇಲಿಯೊಳಗೆ ಇಡುತ್ತಾರೆ. ಅಲ್ಲಿ ನೋಡಿಕೊಳ್ಳುವವನು ಮಾತಾಡಬೇಕಂತೆ. ಎರಡು ಆಮೆ ಬಂದಾಗಿನಿಂದ ಬಾಯಿಗೆ ಏನೂ ಹಾಕಿಲ್ಲ, ಏನು ಮಾಡಲಿ ಎಂದು ಅವನ ಪ್ರಶ್ನೆ. ಅವನ ಭಾಷೆ ಇವಳಿಗೆ ಬಾರದು, ಡಾಕ್ಟರಮ್ಮ ನಡುವೆ ಕೂತು ಎರಡೂ ಕಡೆ ಹೇಳಿದಳು. ಗದ್ದದ ತನಕ ಬರುವಷ್ಟು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ಬಿಡಿ, ಆಮೇಲೆ ಹೂವಿನ ಎಸಳು ಹಾಕಿ, ಮುಖ್ಯವಾಗಿ ಎದುರಿಗೆ ನಿಂತು ನೋಡಬೇಡಿ, ನೋಡುತ್ತಿದ್ದರೆ ತಿನ್ನುವುದಿಲ್ಲ ಎಂದು ಆಮೆಯಕ್ಕ ಹೇಳಿದಳು. ಅತ್ತ ಅವನು ಬರೆದುಕೊಳ್ಳುತ್ತಿದ್ದನೆಂದು ಕಾಣುತ್ತದೆ, ನಡುನಡುವೆ ಮೌನ. ಆಮೇಲೆ ಅವನು ಇನ್ನೇನೋ ಕೇಳಿದ. ಡಾಕ್ಟರಮ್ಮ ಬಹಳ ದಿನದ ಮೇಲೆ ನಕ್ಕಳು.

"ಅವರದು ಅಲ್ಲಿ ಹದಿನಾಲ್ಕನೇ ವರ್ಷ ಅಂತೆ ಅಕ್ಕ. ನಿಮಗೆ ಇಲ್ಲಿ ರಜ ಕೊಡ್ತಾರಾ ಅಂತ ಕೇಳ್ತಿದ್ದಾರೆ."

"ಇಲ್ಲ ಅನ್ನಿ," ಅಂದಳು ಆಮೆಯಕ್ಕ. ಫೋನಿನ ಕಡೆಗೆ ಬಾಗಿ, "ಅವರ ಮನೆಯವರು ಚೆನ್ನಾಗಿದ್ದಾರಾ ಕೇಳಿ," ಅಂದಳು.

ಮೂರು ದಿನದ ಮೇಲೆ ಸಂಜೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಡಾಕ್ಟರಮ್ಮನ ಸಂದೇಶ ಬಂತು. ಎರಡೂ ತಿಂದವಂತೆ. ಅವಳು ಅದನ್ನು ಎರಡು ಸಲ ಓದಿ ಫೋನನ್ನು ಚೀಲಕ್ಕೆ ಹಾಕಿದಳು. ಬಸ್ಸು ತುಂಬಿಕೊಂಡೇ ಬಂದಿತ್ತು. ಕಂಬಿ ಹಿಡಿದು ನಿಂತಳು, ಮೂರನೆಯ ನಿಲ್ದಾಣ ಬರುವಷ್ಟರಲ್ಲಿ ಅವಳಿಗೆ ಜೋಂಪು ಹತ್ತಿತ್ತು.