ಅಕ್ಕಿ ಡಬ್ಬಿಯಲ್ಲಿ ಇಟ್ಟ ಫೋನು

ಕಂಪನಿಯ ಈಮೇಲು ಎಲ್ಲರ ಫೋನಿನಲ್ಲೂ ಬರಬೇಕು ಎಂದು ಹೆಡ್ ಆಫೀಸಿನವರು ತೀರ್ಮಾನ ಮಾಡಿದ ಮೇಲೆ ನನಗೆ ನೆಮ್ಮದಿಯಿಂದ ಊಟ ಸೇರಿದ್ದು ಕಡಿಮೆ. ನಮ್ಮದು ಗಿಡಗಳ ಔಷಧಿ, ಸ್ಪ್ರೇ ಮಿಷನ್ನು ಮಾರುವ ಕಂಪನಿಯ ಕೊಪ್ಪದ ಬ್ರಾಂಚು. ಆಫೀಸಿನಲ್ಲಿ ಕಂಪ್ಯೂಟರ್ ಮುಟ್ಟುವವಳು ನಾನೊಬ್ಬಳೇ. ಹಾಗಾಗಿ ಶೃಂಗೇರಿ, ನರಸಿಂಹರಾಜಪುರ ಎಲ್ಲ ಸುತ್ತುವ ಐದು ಜನ ಫೀಲ್ಡ್ ಆಫೀಸರುಗಳ ಫೋನಿಗೆ ಮೇಲ್ ಹಾಕಿಕೊಡುವುದು ನನ್ನ ತಲೆಗೇ ಬಂತು. ಸರ್ವರಿನ ಹೆಸರಿನಲ್ಲಿ ಒಂದು ಚುಕ್ಕಿ ಬಿಟ್ಟರೂ ಮತ್ತೆ ಮೊದಲಿಂದ ಶುರು.

ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಒಂದು ನಿಯಮ. ಫೋನು ಕಳೆದುಹೋದರೆ ಒಂದು ಗಂಟೆಯೊಳಗೆ ಹೆಡ್ ಆಫೀಸಿಗೆ ತಿಳಿಸಬೇಕು. ಅವರು ಕೂತಲ್ಲಿಂದಲೇ ಆದೇಶ ಕಳಿಸಿ ಆ ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತಾರೆ. ಮೇಲ್ ಅಷ್ಟೇ ಅಲ್ಲ, ಫೋಟೊ, ನಂಬರು, ಎಲ್ಲವನ್ನೂ. ಇದನ್ನು ಐವರಿಗೂ ಓದಿ ಹೇಳಿ ಸಹಿ ಹಾಕಿಸಿಕೊಂಡಿದ್ದೆ. ಯಾರೂ ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ.

ಐವರಲ್ಲಿ ಹಿರಿಯರೊಬ್ಬರಿದ್ದರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಮಗಳ ಮದುವೆ ನಿಶ್ಚಯವಾಗಿತ್ತು. ಯಾವ್ಯಾವ ಮನೆಗೆ ಹೋಗಿ ಕರೆಯಬೇಕು, ಯಾರ ಮನೆಗೆ ಮೊದಲು, ಎಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಇದೆಲ್ಲ ಗೊತ್ತಿದ್ದದ್ದು ಅವರ ಅಮ್ಮನಿಗೆ ಮಾತ್ರ. ಒಂದು ಭಾನುವಾರ ಅಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ಅಷ್ಟನ್ನೂ ಕಂಪನಿಯ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಎರಡು ವಾರ ಕಳೆಯುವುದರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು.

"ಬರೆದಿಟ್ಟುಕೊಂಡ್ರಾ?" ಎಂದು ಕೇಳಿದ್ದೆ.

"ಫೋನಲ್ಲಿ ಉಂಟಲ್ಲ ಮೇಡಂ, ಅದೆಲ್ಲಿ ಓಡಿಹೋಗ್ತದೆ?" ಎಂದಿದ್ದರು.

ಇದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಅವರು ಬೆಲ್ಟಿಗೆ ಸಿಕ್ಕಿಸಿದ ಫೋನಿನ ಚೀಲ ತಡವಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ಫೋನಿಲ್ಲ. ಬೈಕು ರಿಪೇರಿಗೆ ಬಿಟ್ಟಿದ್ದರಿಂದ ಬಸ್ಸಿನಲ್ಲಿ ಓಡಾಡಿದ್ದರು. ಬಸ್ಸಿನಲ್ಲೇ ಬಿದ್ದಿರಬೇಕು ಎಂದರು. ನಾನು ಆಫೀಸಿನ ಫೋನಿನಿಂದ ಏಳು ಸಲ ಮಾಡಿ ನೋಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ, ವ್ಯಾಪ್ತಿ ಪ್ರದೇಶದ ಹೊರಗೆ. ಗೋಡೆ ಗಡಿಯಾರ ನೋಡಿದೆ. ಅವರು ಬಂದು ನಲವತ್ತು ನಿಮಿಷವಾಗಿತ್ತು.

"ತಿಳಿಸ್ಲೇಬೇಕಾ?" ಎಂದರು.

"ತಿಳಿಸ್ಲಿಲ್ಲ ಅಂದ್ರೆ ನಿಮ್ಮ ಕೆಲಸಕ್ಕೂ ಕುತ್ತು, ನಂದಕ್ಕೂ."

ಅವರು ಆಯ್ತು ಎಂಬಂತೆ ತಲೆ ಆಡಿಸಿದರು. ನಾನು ಹೆಡ್ ಆಫೀಸಿಗೆ ಹೇಳಿದೆ. ಅಲ್ಲಿನ ಕಂಪ್ಯೂಟರ್ ವಿಭಾಗದವರು, "ಕಳಿಸಾಯ್ತು ಮೇಡಂ. ಫೋನಿಗೆ ಸಿಗ್ನಲ್ ಸಿಕ್ಕಿದ ತಕ್ಷಣ ಕ್ಲೀನ್ ಆಗುತ್ತೆ" ಎಂದು ಸಲೀಸಾಗಿ ಹೇಳಿ ಫೋನಿಟ್ಟರು.

ರಿಸೀವರ್ ಇಟ್ಟು ಐದು ನಿಮಿಷವಾಗಿಲ್ಲ, ಭಂಡಿಗಡಿಯ ಒಂದು ಮನೆಯ ಲ್ಯಾಂಡ್‌ಲೈನಿನಿಂದ ಫೋನು. ಬೆಳಿಗ್ಗೆ ಅವರು ಹೋಗಿದ್ದ ಬೆಳೆಗಾರರ ಮನೆಯ ಯಜಮಾನ್ತಿ.

"ನಿಮ್ಮ ಸಾಹೇಬ್ರು ಫೋನು ನಮ್ಮನೆ ಬುಟ್ಟೀಲೇ ಬಿಟ್ಟು ಹೋಗಿದಾರೆ."

ಆಗ ಎಷ್ಟೋ ಮನೆಗಳಲ್ಲಿ ಹೀಗೊಂದು ಏರ್ಪಾಡಿತ್ತು. ಇಡೀ ಮನೆಯಲ್ಲಿ ಸಿಗ್ನಲ್ ಬರುವುದು ಒಂದು ಕಿಟಕಿಯ ಹತ್ತಿರ ಮಾತ್ರ, ಅದೂ ಬಂದರೆ ಬಂತು. ಅಲ್ಲೊಂದು ಬುಟ್ಟಿ ನೇತುಹಾಕಿ ಮನೆಯವರ ಫೋನು ಅದರಲ್ಲಿಡುತ್ತಿದ್ದರು. ನೆಂಟರು ಬಂದರೆ ಕಾಲಿಗೆ ನೀರು ಕೊಟ್ಟ ಮೇಲೆ ಅವರ ಫೋನನ್ನೂ ಇಸಿದುಕೊಂಡು ಬುಟ್ಟಿಗೆ ಹಾಕುವುದು. ಮೇಲ್ ಬರಲಿ ಎಂದು ಇವರೇ ಕೈಯಾರೆ ಕೊಟ್ಟು, ಮರೆತು ಬಂದಿದ್ದಾರೆ.

ಕಳ್ಳತನವಾಗಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ. ಇಡೀ ಮನೆಯಲ್ಲಿ ಸಿಗ್ನಲ್ಲಿಗಾಗಿಯೇ ಮಾಡಿದ ಜಾಗದಲ್ಲಿ ಆ ಫೋನು ಕೂತಿದೆ; ಒಮ್ಮೆ ಸಿಗ್ನಲ್ ಸಿಕ್ಕಿದರೆ ಅಮ್ಮನ ರೆಕಾರ್ಡೂ ಅಳಿದುಹೋಗುತ್ತದೆ.

"ಅಮ್ಮಾ, ಮೊದಲು ಅದನ್ನ ಬುಟ್ಟಿಯಿಂದ ತೆಗೀರಿ. ಸಿಗ್ನಲ್ ಇಲ್ಲದ ಕಡೆ ಇಡಿ."

"ಇಲ್ಲದ ಕಡೆಯಾ?" ಆಕೆ ನಕ್ಕರು. "ಅಂಥ ಜಾಗ ಬೇಕಾದಷ್ಟುಂಟು ಮಾರಾಯ್ತಿ. ಅಕ್ಕಿ ಡಬ್ಬೀಲಿಟ್ಟು ಮುಚ್ಚಳ ಹಾಕ್ಲಾ?"

"ಹಾಕಿ. ನಮ್ಮವರು ಬರೋವರೆಗೆ ತೆಗೀಬೇಡಿ."

ನಾನು ಮತ್ತೆ ಹೆಡ್ ಆಫೀಸಿಗೆ ಮಾಡಿದೆ. ಆದೇಶ ಇನ್ನೂ ಫೋನಿಗೆ ತಲುಪಿಲ್ಲವಂತೆ. ರದ್ದು ಮಾಡಲು ಮೇಲಿನವರ ಒಪ್ಪಿಗೆ ಬೇಕು, ಮೇಲಿನವರು ಮೀಟಿಂಗಿನಲ್ಲಿ. ಅಷ್ಟರಲ್ಲಿ ನಮ್ಮವರು ಕೆಳಗಿನ ಅಂಗಡಿಯವರ ಬೈಕು ತೆಗೆದುಕೊಂಡು ಹೊರಟುಬಿಟ್ಟಿದ್ದರು. ಬ್ಯಾಟರಿ ತೆಗೆಯಿರಿ ಎಂದು ಹೇಳುವುದು ನೆನಪಾದಾಗ ಬೈಕಿನ ಸದ್ದು ಕೂಡ ಇರಲಿಲ್ಲ. ಕೊಪ್ಪದ ಹತ್ತಿರ ಬರುತ್ತಿದ್ದಂತೆ ಸಿಗ್ನಲ್ ಚೆನ್ನಾಗಿಯೇ ಸಿಗುತ್ತದೆ. ಭಂಡಿಗಡಿಯ ಮನೆಗೆ ಫೋನು ಮಾಡಿದರೆ ಎಂಗೇಜು. ನನ್ನ ಮುಂದಿದ್ದ ಬಿಲ್ಲು ಪುಸ್ತಕ, ಅರ್ಧ ಕುಡಿದ ಕಾಫಿ ಎಲ್ಲ ಹಾಗೇ ಇತ್ತು. ಪ್ರತಿ ಬೈಕಿನ ಸದ್ದಿಗೂ ಎದ್ದು ಕಿಟಕಿಗೆ ಹೋದೆ.

ಅವರು ಬಂದಾಗ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ.

"ತೆಗೀಬೇಡಿ ಅಂತ ನೀವು ಹೇಳಿದ್ರಂತೆ. ಡಬ್ಬಿ ಸಮೇತ ಕಳಿಸಿದಾರೆ," ಎಂದರು. ಮುಚ್ಚಳ ತೆಗೆದರೆ ಅಕ್ಕಿಯೊಳಗೆ ಫೋನು. ನಾನು ಉಸಿರು ಬಿಡದೆ ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿ ಎಳೆದೆ, ಸಿಮ್ ತೆಗೆದೆ. ಬ್ಯಾಟರಿ ಮತ್ತೆ ಹಾಕಿ, ಸಿಮ್ ಇಲ್ಲದೆ ಆನ್ ಮಾಡಿದಾಗ ಅದು ಎದ್ದು ಕೂರಲು ತೆಗೆದುಕೊಂಡ ಹೊತ್ತು ನನಗೆ ಒಂದು ಯುಗ. ಕೇಬಲ್ ಹಾಕಿ ರೆಕಾರ್ಡನ್ನು ಕಂಪ್ಯೂಟರಿಗೆ ಇಳಿಸಿದೆ. ಇಳಿದದ್ದು ಸರಿಯಾಗಿದೆಯೋ ಎಂದು ಹಚ್ಚಿದೆ. ಅವರ ಅಮ್ಮನ ದನಿ ಬಂತು.

"ಮೊದಲು ಮೇಗುಂದದ ಮನೆ. ಅಲ್ಲಿ ನಿಂತಲ್ಲೇ ಕರೆದು ಬರೂದಲ್ಲ, ಕೂತು ಒಂದು ಲೋಟ ಕಾಫಿಯಾದ್ರೂ ಕುಡೀಬೇಕು. ಇಲ್ಲದಿದ್ರೆ ನಿಮ್ಮಪ್ಪನ ಕಾಲದ ಜಗಳ ಮತ್ತೆ ತೆಗೀತಾರೆ..."

ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು.

ಬೇಕಾದ್ದು ಕಂಪ್ಯೂಟರಿಗೆ ಬಂದಿತ್ತು; ಮೀಟಿಂಗು ಮುಗಿಯಿತೋ ಇಲ್ಲವೋ, ರದ್ದಿಗಾಗಿ ನಾನು ಕಾಯಲಿಲ್ಲ. ಸಿಮ್ ಹಾಕಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಇವತ್ತಿನ ತಾರೀಕು ಎಷ್ಟು ಎಂದು ಹೊಸ ಫೋನಿನ ಹಾಗೆ ಕೇಳಿತು.

ಆಫೀಸು ಮುಚ್ಚುವವರೆಗೆ ರೆಕಾರ್ಡನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತ ನಾನು ಬರೆದೆ, ಅವರು ಮನೆ ಗುರುತು ಹೇಳಿದರು. ಮರುದಿನ ಬಂದು, ಪಟ್ಟಿಯನ್ನು ಅಮ್ಮನ ಮುಂದೆ ಓದಿದೆ ಎಂದರು. ನರಸಿಂಹರಾಜಪುರದ ಮನೆಗಳು ಬಂದಾಗ ಅಮ್ಮ ಎಡಗೈ ಎತ್ತಿದರಂತೆ. ಮುಂದೆ ಓದಲು ಬಿಡಲಿಲ್ಲವಂತೆ.

ಮತ್ತೆ ಹಚ್ಚಿ ಕೇಳಿದೆವು. ಮಧ್ಯದಲ್ಲೊಂದು ಕೋಳಿ ಕೂಗುತ್ತದೆ. ಆ ಕೂಗಿನ ಅಡಿಯಲ್ಲೇ, ತಗ್ಗಿದ ದನಿಯಲ್ಲಿ ಅಮ್ಮ ಇನ್ನೊಂದು ಮನೆ ಹೇಳಿದ್ದರು. ಬರೆಯುವಾಗ ನಾನು ಅದನ್ನು ಬಿಟ್ಟಿದ್ದೆ. ಎರಡು ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಅದನ್ನು ಸೇರಿಸಿದೆ.