ಅಪ್ಪನ ಹಿಮ್ಮಡಿಗೆ ಹೊಡೆದವರು ಯಾರು?

ನಾನು ಚಿಕ್ಕವಳಿದ್ದಾಗ, ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ನಮ್ಮ ಅಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ತುಳಿಯುತ್ತಿದ್ದ. ಎರಡು ಕಂಬಗಳ ನಡುವೆ ಆಳೆತ್ತರದ ಚೀಲ ತೂಗುಹಾಕುತ್ತಿದ್ದರು. ಅಪ್ಪ ಅದರೊಳಗೆ ಇಳಿದು, ಮೇಲಿನಿಂದ ಸುರಿದ ಹತ್ತಿಯನ್ನು ತುಳಿದು ತುಳಿದು ಒತ್ತುತ್ತಿದ್ದ. ಚೀಲ ತುಂಬುತ್ತ ಹೋದಂತೆ ಅವನ ತಲೆ, ಹೆಗಲು, ಸೊಂಟ ಒಂದೊಂದಾಗಿ ಮೇಲೆ ಕಾಣಿಸುತ್ತಿದ್ದವು. ಅಲ್ಲಿ ಉಸಿರೆಳೆದರೆ ಮೂಗಿನ ತುಂಬ ಹತ್ತಿಯ ಎಳೆ, ಹತ್ತಿಕಾಳಿನ ಎಣ್ಣೆವಾಸನೆ.

ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದೆ. ಚೀಲದ ಮೇಲೆ ಅಪ್ಪನ ರುಮಾಲಷ್ಟೇ ಕಾಣುತ್ತಿತ್ತು. ನಾನು ಬಂದಿದ್ದೇನೆಂದು ತಿಳಿಯಲಿ ಎಂದು ಒಂದು ಸಣ್ಣ ಕಲ್ಲನ್ನು ಚೀಲಕ್ಕೆ ಎಸೆದೆ. ಅದೇ ಗಳಿಗೆಗೆ ಒಳಗೆ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ರುಮಾಲು ಕೆಳಗೆ ಕುಸಿಯಿತು. ಜೊತೆಯವರು ಅಪ್ಪನನ್ನು ಎತ್ತಿ ಹೊರಗೆ ತಂದಾಗಲೂ ಅವನು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದ.

"ಹಿಮ್ಮಡಕ್ಕ ಯಾರ ಹೊಡದ್ರು?" ಎಂದು ಕೇಳಿದ.

ಚೀಲದೊಳಗೆ ಅವನಲ್ಲದೆ ಬೇರೆ ಯಾರೂ ಇರಲಿಲ್ಲ. ಹೊಡೆದವಳು ನಾನೇ ಎಂದುಕೊಂಡೆ.

ಮೊದಲು ಎಲುಬು ಕೂಡಿಸುವ ಮುದುಕನ ಬಳಿ ಒಯ್ದರು. ಅವನು ಮುಟ್ಟಿ ನೋಡಿ, ಎಲುಬು ಮುರಿದಿಲ್ಲ, ಇದು ತನ್ನ ಕೈಯ ಕೆಲಸವಲ್ಲ, ತಿಕ್ಕಿದರೆ ಕೆಡುತ್ತದೆ, ದವಾಖಾನೆಗೆ ಒಯ್ಯಿರಿ ಎಂದ. ಟಾಂಗಾದಲ್ಲಿ, ಸುದ್ದಿ ತಿಳಿದು ಓಡಿಬಂದಿದ್ದ ನನ್ನ ಅಕ್ಕ ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾಲೇ ಹೋದರೆ ಹೇಗೆ ಎಂದು ಅಪ್ಪ ಒಮ್ಮೆ ಕೇಳಿದ. ಅಕ್ಕ ಸೆರಗಿನಿಂದ ಅವನ ಹಣೆ ಒರೆಸಿದಳು. ಕಲ್ಲಿನ ವಿಷಯ ಹೇಳಲು ಹೆದರಿ ನಾನು ಮೂಲೆಯಲ್ಲಿ ಮುದುಡಿ ಕೂತೆ.

ಡಾಕ್ಟರು ಅಪ್ಪನನ್ನು ಬೋರಲು ಮಲಗಿಸಿ ಹಿಮ್ಮಡಿಯ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಸವರಿದರು. ಅಲ್ಲೊಂದು ತಗ್ಗು ಬಿದ್ದಿತ್ತು. ಎಬ್ಬಿಸಿ ನಿಲ್ಲಿಸಿದರೆ ಆ ಕಾಲಿನ ತುದಿಯ ಮೇಲೆ ನಿಲ್ಲಲು ಅಪ್ಪನಿಗೆ ಆಗಲಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಹಗ್ಗದಂಥ ನರ ಹರಿದಿದೆ, ತುಳಿದು ತುಳಿದು ಸವೆದದ್ದು ಇವತ್ತು ಕಿತ್ತುಕೊಂಡಿದೆ, ಕಾಲಿಗೇನೂ ಅಪಾಯವಿಲ್ಲ ಎಂದರು.

"ಸಾಹೇಬ್ರ, ಖರೇನ ಹಿಂದಿಂದ ಯಾರೋ ಹೊಡದಂಗಾತ್ರಿ," ಎಂದ ಅಪ್ಪ.

ಡಾಕ್ಟರು ನಕ್ಕರು. "ಈ ನರಾ ಹರಕೊಂಡಾವ್ರು ಭಾಳ ಮಂದಿ ಹಂಗ ಅಂತಾರ. ತಿರುಗಿ ನೋಡಿದ್ರ ಹಿಂದ ಯಾರೂ ಇರೂದಿಲ್ಲ. ನಿಮ್ಮನ್ನ ಯಾರೂ ಹೊಡದಿಲ್ರಿ."

ನಾನು ಬಾಗಿಲ ಬಳಿಯೇ ಕುಳಿತು ಅತ್ತುಬಿಟ್ಟೆ. ಅಳುತ್ತಲೇ ಕಲ್ಲಿನ ವಿಷಯ ಹೇಳಿದೆ. ಅಪ್ಪ ನನ್ನನ್ನು ಹತ್ತಿರ ಕರೆದ.

"ಹುಚ್ಚಿ, ನಡುವ ಅಷ್ಟು ಹತ್ತಿ ಇತ್ತಲ್ಲ. ಆ ಹಳ್ಳು ನನಗ ಮುಟ್ಟೇ ಇಲ್ಲ."

ಪಾದವನ್ನು ಕೆಳಮುಖವಾಗಿ ಚಾಚಿಸಿ, ಹರಿದ ತುದಿಗಳು ಒಂದಕ್ಕೊಂದು ಹತ್ತಿರ ಬರುವಂತೆ ಪ್ಲಾಸ್ಟರು ಹಾಕಿದರು. ಹಸಿ ಸುಣ್ಣದಂಥ ಅದರ ವಾಸನೆ ನನಗೆ ಹಿತವೆನಿಸಿತು. ವಾರಗಳ ಮೇಲೆ ಅದನ್ನು ಬಿಚ್ಚಿದಾಗ ಅಪ್ಪ, ಹಿಮ್ಮಡಿಯ ಕೆಳಗೆ ದಪ್ಪ ತೊಗಲು ಹೊಲಿಸಿದ ಚಪ್ಪಲಿ ಮೆಟ್ಟಿ ಮೆಲ್ಲಗೆ ನಡೆದ. ಮತ್ತೆ ಹತ್ತಿ ತುಳಿಯಲಿಲ್ಲ. ಚೀಲದ ಬಾಯಿ ಹೊಲಿಯುವ ಕೆಲಸ ಹಿಡಿದ.

ಮಕ್ಕಳೇ, ಈಗ ಇದೇ ಹುಬ್ಬಳ್ಳಿಯ ವಿದ್ಯಾನಗರದ ದೊಡ್ಡ ಆಸ್ಪತ್ರೆಗೆ ಹೋದರೆ ಒಳಗಿನ ನರವನ್ನು ಪರದೆಯ ಮೇಲೆಯೇ ತೋರಿಸುತ್ತಾರೆ. ಮೊನ್ನೆ ನಿಮ್ಮಲ್ಲೊಬ್ಬ ಕಾಲು ಉಳುಕಿಸಿಕೊಂಡು ಡಾಕ್ಟರ ಎದುರಿನ ಕುರ್ಚಿಯಲ್ಲಿ ಕುಳಿತು, ಯಾಕೆ ನೋಯುತ್ತದೆ, ತಪ್ಪು ಯಾರದು, ಆಟಕ್ಕೆ ಯಾವಾಗ ಹೋಗಲಿ ಎಂದು ಒಂದೇ ಸಮನೆ ಕೇಳಿದ. ನಮ್ಮ ಕಾಲದಲ್ಲಿ ದೊಡ್ಡವರ ಮುಂದೆ ಹಾಗೆ ಬಾಯಿ ಬಿಡುವಂತಿರಲಿಲ್ಲ. ಸಾಕು ಸುಮ್ಮನಿರು ಎಂದು ನಿಮ್ಮಮ್ಮ ಅವನ ಕೈ ಹಿಡಿದಳು. ಕೇಳಲಿ ಬಿಡು ಎಂದೆ ನಾನು.